ಬೋರಿ ಹೊಳೆಯ ಬಂಡೆಪ್ಪ

ಸೊಲ್ಲಾಪುರದ ಗಿರಣಿಯಲ್ಲಿ ನೂಲು ಸುತ್ತುವ ಬಂಡೆಪ್ಪ ಚೈತ್ರದ ಪ್ರತಿ ರವಿವಾರ ಕುರನೂರಿಗೆ ಬಂದು, ಬೋರಿ ಹೊಳೆಯ ಮಡುವಿಗೆ ಗಾಳ ಹಾಕಿ ಕೂರುತ್ತಾನೆ. ಆ ದಿನಗಳಲ್ಲಿ ಮೀನುಗಳು ನೀರು ಚಿಮ್ಮಿಸಿ ಕುಣಿಯುತ್ತವೆ, ಅವನ ಟೋಪಿ ತೋಯಿಸುತ್ತವೆ, ಗಾಳವನ್ನು ಮಾತ್ರ ಮುಟ್ಟುವುದಿಲ್ಲ. ಎರೆಹುಳ, ಹಿಟ್ಟಿನ ಉಂಡೆ, ಕಡೆಗೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನೂ ಸಿಕ್ಕಿಸಿ, ಬೀಗರನ್ನು ಪಂಕ್ತಿಗೆ ಕರೆದಂತೆ, "ನಾಚಬ್ಯಾಡ್ರಿ, ಒಂದ ತುತ್ತು ತಗೋರಿ" ಎನ್ನುತ್ತಾನೆ. ಯಾರಾದರೂ ನಕ್ಕರೆ, "ಅವಕ್ಕೀಗ ಲಗ್ನದ ಗಡಿಬಿಡಿ, ಉಣ್ಣಾಕ ಪುರಸೊತ್ತಿಲ್ಲ" ಎಂದು ಮೀನುಗಳ ಪರವಾಗಿ ತಾನೇ ಕ್ಷಮೆ ಕೇಳುತ್ತಾನೆ. ಬಾರದ ಮೀನಿಗಾಗಿ ಆರು ವರ್ಷ ಬರಿ ಮಸಾಲೆ ಅರೆದು ಸಾಕಾದ ಹೆಂಡತಿ ಮಲಕಮ್ಮ ಕಳೆದ ವಾರ ಮಸಾಲೆ ಡಬ್ಬಿಯೊಂದಿಗೆ ತಾನೂ ಬಂದಳು. ಮಧ್ಯಾಹ್ನ ಮೊಳದುದ್ದದ ಮೀನೊಂದು ಗಾಳವನ್ನು ದಾಟಿ ಹಾರಿ, ನೇರವಾಗಿ ಅವನ ಪಕ್ಕದಲ್ಲಿದ್ದ ಖಾಲಿ ಬುಟ್ಟಿಯೊಳಗೇ ಬಿತ್ತು. ಬಂಡೆಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ ನೋಡಿ, ಮೆಲ್ಲಗೆ ನೀರಿಗೆ ಬಿಟ್ಟ. "ಗಾಳಾ ಕಚ್ಚಿದ್ರ ಮಾತು ಬ್ಯಾರೆ. ಇದು ದಾರಿ ತಪ್ಪಿ ಬಂದಿತ್ತು" ಎಂದು, ಹೆಂಡತಿಯ ಮುಖ ನೋಡಲಾರದೆ ದಾರ ಸುತ್ತತೊಡಗಿದ. ಮಲಕಮ್ಮ ಮಸಾಲೆ ಡಬ್ಬಿಯ ಮುಚ್ಚಳ ಬಿಗಿದಳು. "ಅದರ ಹೊಟ್ಟಿತುಂಬ ತತ್ತಿ ಇದ್ವು, ನಾನೂ ನೋಡೀನಿ" ಎಂದಳು. "ಏಳ್ರಿ, ಈ ಮಸಾಲಿಗೆ ಬದನಿಕಾಯಿ ತಗೊಂಡು ಹೋಗೂಣು."