ಪರ್ಮಿಷನ್ ಸಾರ್ ಮತ್ತು ಅಕ್ಕನ ದನಿ

ಕಣ್ಣು ಕಾಣದ ಮಕ್ಕಳ ಆ ಶಾಲೆಯಲ್ಲಿ ಕಂಪ್ಯೂಟರುಗಳ ಯಜಮಾನಿಕೆ ಇಪ್ಪತ್ತು ವರ್ಷದಿಂದ ಅವರದೇ. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಪರ್ಮಿಷನ್ ಸಾರ್’ ಎನ್ನುತ್ತಿದ್ದರು. ಅವರಿಗದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಜಪ್ಪಯ್ಯ ಅಂದರೂ ಯಾರಿಗೂ ಒಂದು ಹೆಚ್ಚಿನ ಅನುಮತಿ ಕೊಟ್ಟವರಲ್ಲ.

ಕಾರಣವಿತ್ತು. ಹಿಂದೊಮ್ಮೆ ಒಬ್ಬ ಮೇಷ್ಟರು ತಮ್ಮ ಪ್ರೋಗ್ರಾಮಿಗೆ ಎಲ್ಲಕ್ಕಿಂತ ಮೊದಲ ಸರದಿ ಕೇಳಿ ಪಡೆದಿದ್ದರು. ಆ ಪ್ರೋಗ್ರಾಮು ಕೆಟ್ಟು, ಮುಗಿಯದೆ ಸುತ್ತುತ್ತಲೇ ಇದ್ದು, ಬೇರೆ ಯಾವ ಕೆಲಸಕ್ಕೂ ಸರದಿ ಬಿಡದೆ, ಬ್ರೈಲ್ ಪ್ರಶ್ನೆಪತ್ರಿಕೆ ಅಚ್ಚಾಗಬೇಕಿದ್ದ ದಿನವೇ ಯಂತ್ರ ಗರಬಡಿದಂತೆ ನಿಂತಿತು. ಅಂದಿನಿಂದ ಮೊದಲ ಸರದಿಯ ಹಕ್ಕು ಅವರೊಬ್ಬರ ಖಾತೆಗೆ ಮಾತ್ರ. ಉಳಿದವರ ಕೆಲಸಗಳೆಲ್ಲ ಸಾಲಿನಲ್ಲಿ ನಿಲ್ಲಬೇಕು.

ಅವರ ಅಕ್ಕ ಅದೇ ಶಾಲೆಯ ಟೀಚರ್. ಮೂವತ್ತು ವರ್ಷ ಮಕ್ಕಳಿಗೆ ಕಥೆ ಓದಿ ಹೇಳಿದವಳು. ತಾಯಿ ಬೇಗ ಹೋದದ್ದರಿಂದ ಈ ತಮ್ಮನನ್ನು ಎತ್ತಿ ಆಡಿಸಿದವಳೂ ಅವಳೇ. ತಲೆ ಬೋಳಾದ ಮೇಲೂ ಅವರು ಅವಳಿಗೆ ‘ಪುಟ್ಟ’. ಈಗ ಅವಳ ಗಂಟಲಲ್ಲಿ ಗಡ್ಡೆ. ಸೋಮವಾರ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಉಳಿದ ನಾಲ್ಕು ದಿನದಲ್ಲಿ ಮಕ್ಕಳ ಮೆಚ್ಚಿನ ಕಥೆಗಳನ್ನೆಲ್ಲ ತನ್ನ ದನಿಯಲ್ಲಿ ರೆಕಾರ್ಡ್ ಮಾಡಿಡಬೇಕೆಂದು ಅವಳಿಗೆ ಹಟ.

ರೆಕಾರ್ಡಿಂಗ್ ನೋಡಿಕೊಳ್ಳುವಾಕೆ ಮೊದಲೇ ಬಂದು ಹೇಳಿದ್ದಳು. “ಸಾರ್, ರೆಕಾರ್ಡ್ ಮಾಡಿದ್ದನ್ನ ಹಾಕಿ ಕೇಳಿದ್ರೆ ನಡುನಡುವೆ ದನಿ ಕಡಿದು ಹೋಗ್ತಾ ಇದೆ. ರೆಕಾರ್ಡಿಂಗಿಗೆ ಮೊದಲ ಸರದಿ ಕೊಡಿ. ಟೀಚರಿಗೋಸ್ಕರ.”

“ನೋಡೋಣ ಬನ್ನಿ,” ಎಂದು ಅವರು ಎದ್ದು ಬಂದರು. ಕೂತವರೇ, ರೂಢಿಯಂತೆ, ತಮ್ಮ ಹೆಸರಿನ ಖಾತೆಯಲ್ಲೇ ಯಂತ್ರದೊಳಗೆ ಹೊಕ್ಕರು. ಅಕ್ಕನನ್ನು ಮೈಕಿನ ಮುಂದೆ ಕೂರಿಸಿ ಹತ್ತರವರೆಗೆ ಎಣಿಸಲು ಹೇಳಿದರು. ಹಾಕಿ ಕೇಳಿದರೆ ಎಳ್ಳಷ್ಟೂ ಕೊರತೆಯಿಲ್ಲ.

“ಎಲ್ಲಿ ಕಡೀತಿದೆ? ಯಂತ್ರ ಸರಿಯಾಗೇ ಇದೆ,” ಎಂದರು. ಇಪ್ಪತ್ತು ವರ್ಷ ನೀರು ಕುಡಿದಂತೆ ಈ ಕೆಲಸ ಮಾಡಿದ ಮನುಷ್ಯನಿಗೆ, ಮೊದಲ ಸರದಿ ಇರುವುದು ತನ್ನ ಹೆಸರಿಗಷ್ಟೇ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಆಕೆ ನಂಬಿದಳು; ತನ್ನ ಸಾಮಾನ್ಯ ಖಾತೆಯಲ್ಲೇ ರೆಕಾರ್ಡ್ ಮಾಡುತ್ತ ಹೋದಳು, ಮತ್ತೆ ಹಾಕಿ ಕೇಳಲಿಲ್ಲ. ನಾಲ್ಕು ದಿನ ಅಕ್ಕ ನೋವು ನುಂಗಿಕೊಂಡು ಓದಿದಳು. ರೆಕಾರ್ಡಿಂಗಿನಾಕೆ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿಗೆ ಮೈಕಿನ ದನಿ ದಾಖಲಾಗುವ ಮೊದಲೇ ನೇರವಾಗಿ ಬರುತ್ತಿದ್ದುದರಿಂದ ಎಲ್ಲವೂ ಚೆನ್ನಾಗಿಯೇ ಕೇಳಿಸಿತು. ಹಿನ್ನೆಲೆಯಲ್ಲಿ ಅದೇ ಯಂತ್ರ ಪುಸ್ತಕಗಳನ್ನು ಬ್ರೈಲ್‌ಗೆ ತಿರುಗಿಸುತ್ತಿತ್ತು. ಪ್ರತಿ ಸಲ ಅದು ಸರದಿ ಹಿಡಿದಾಗ ಅಕ್ಕನ ಅರ್ಧ ಮಾತು ದಾಖಲಾಗದೆ ಕಳೆದುಹೋಯಿತು.

ಗೊತ್ತಾದದ್ದು ಮಂಗಳವಾರ, ಎಲ್ಲವನ್ನೂ ಹಾಕಿ ಕೇಳಿದಾಗ. ಮೂವತ್ತೊಂದು ಕಥೆಗಳಲ್ಲಿ ಒಂದೂ ಇಡಿಯಾಗಿ ಉಳಿದಿರಲಿಲ್ಲ. ರೆಕಾರ್ಡಿಂಗಿನಾಕೆ ಬೈಯಲಿಲ್ಲ. ಬಾಗಿಲಲ್ಲಿ ನಿಂತು, “ಅವತ್ತು ನೀವು ಯಾರ ಹೆಸರಲ್ಲಿ ನೋಡಿದ್ರಿ, ಸಾರ್?” ಎಂದಷ್ಟೇ ಕೇಳಿದಳು. ಆಗ ಹೊಳೆಯಿತು ಅವರಿಗೆ.

ಆ ಮಧ್ಯಾಹ್ನವೇ ಅವರು ಸರದಿಯ ಕಟ್ಟಳೆಯನ್ನು ಸರಿಪಡಿಸಿದರು. ಸಾಮಾನ್ಯ ಖಾತೆಯವರೂ ಮೊದಲ ಸರದಿ ಪಡೆಯಬಹುದು. ಆದರೆ ಪ್ರತಿ ಸೆಕೆಂಡಿನಲ್ಲಿ ಒಂದಿಷ್ಟು ಪಾಲನ್ನು ಉಳಿದವರಿಗೆ ಬಿಡಲೇಬೇಕು. ಯಾವುದಾದರೂ ಕೆಲಸ ಹದ್ದು ಮೀರಿದರೆ ಅದನ್ನು ಮತ್ತೆ ಸಾಲಿಗೆ ತಳ್ಳಲು ಒಂದು ಕಾವಲು ಪ್ರೋಗ್ರಾಮು. ಬೇಕೆಂದೇ ಕೆಟ್ಟ ಪ್ರೋಗ್ರಾಮೊಂದನ್ನು ಓಡಿಸಿ ನೋಡಿದರು. ಯಂತ್ರ ನಿಲ್ಲಲಿಲ್ಲ. ನಾಲ್ಕು ಸಾಲು ಬರೆಯುವ ಕೆಲಸ, ಚಹಾ ಆರುವುದರೊಳಗೆ ಮುಗಿಯಿತು. ಇಷ್ಟಕ್ಕೆ ಇಪ್ಪತ್ತು ವರ್ಷ ಬಿಗಿದುಕೊಂಡು ಕೂತಿದ್ದೆನಲ್ಲ ಎಂದು ಅವರು ಮೇಜಿಗೆ ಹಣೆ ಹಚ್ಚಿ ಅತ್ತರು.

ಆಸ್ಪತ್ರೆಯಲ್ಲಿ ಅಕ್ಕ ಸ್ಲೇಟಿನ ಮೇಲೆ ಬರೆದು ಕೇಳಿದಳು: “ಮಕ್ಕಳು ಕೇಳಿದ್ರಾ?”

ಅವರು ಎಲ್ಲವನ್ನೂ ಹೇಳಿಬಿಟ್ಟರು. ಅವಳು ಸ್ಲೇಟು ಒರೆಸಿ ಮತ್ತೆ ಬರೆದಳು: “ಏನೂ ಉಳಿದಿಲ್ವಾ?”

ಒಂದು ಉಳಿದಿತ್ತು. ಅವತ್ತು ಪರೀಕ್ಷೆಗೆಂದು ರೆಕಾರ್ಡ್ ಮಾಡಿದ್ದನ್ನೂ ಅಳಿಸದ ಮನುಷ್ಯ ಅವರು. ಫೋನಿನಲ್ಲಿ ತಂದಿದ್ದ ಅದನ್ನು ಅವಳ ಕಿವಿಯ ಬಳಿ ಹಿಡಿದರು. ಒಂದು, ಎರಡು, ಮೂರು ಎಂದು ಎಣಿಸುತ್ತ ಹತ್ತು ತಲುಪಿದ ಆ ದನಿ ಎಲ್ಲೂ ಕಡಿಯಲಿಲ್ಲ. ಕೊನೆಗೆ ನಕ್ಕು ಕೇಳಿತು:

“ಇನ್ನೂ ಹೇಳ್ಲೇನೋ, ಪುಟ್ಟ?”

ಅದರ ಹಿಂದೆಯೇ, ಅಷ್ಟೇ ಸ್ಪಷ್ಟವಾಗಿ, ಅವರದೇ ದನಿ: “ಸಾಕು, ಅಕ್ಕ.”