ಆರೋಗ್ಯಮ್ಮ ಮಿಸ್ ಬೈಸಿಕೊಳ್ಳಲು ಹೋದದ್ದು

ಚಾಮರಾಜಪೇಟೆಯಲ್ಲಿ ನಮ್ಮ ಮನೆಯಿದ್ದ ಅಡ್ಡರಸ್ತೆಯ ತುದಿಗೆ ಇಸ್ತ್ರಿ ಗಾಡಿಯೊಂದು ಈಗಲೂ ನಿಲ್ಲುತ್ತದೆ. ಕಳೆದ ವಾರ ಅದರ ಪಕ್ಕ ಹಾದುಹೋಗುವಾಗ ಗಂಜಿ ಹಾಕಿದ ಹತ್ತಿ ಸೀರೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಓಡಿ, ಅನ್ನ ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಬರುವಂಥ ಬೆಚ್ಚನೆಯ ವಾಸನೆ ಎದ್ದಿತು. ಆರೋಗ್ಯಮ್ಮ ಮಿಸ್ ನೆನಪಾದರು. ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಾಗ ಅವರು ಕಾನ್ವೆಂಟು ಬಿಟ್ಟು ಒಂದು ವರ್ಷವಾಗಿತ್ತಂತೆ. ಹದಿನೈದು ವರ್ಷ ಕನ್ಯಾಸ್ತ್ರೀಯಾಗಿ ಬಿಳಿ ಉಡುಪಿನಲ್ಲಿದ್ದವರು ಬಣ್ಣದ ಸೀರೆಗೆ ಬಂದಿದ್ದರು, ಆದರೆ ಗಂಜಿಯನ್ನು ಬಿಟ್ಟಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅವರು ನಿಂತರೂ ಸೀರೆ ಮಾತ್ರ ಇನ್ನೂ ಇಳಿಯುತ್ತಿರುವಂತೆ ಸರಬರ ಸದ್ದು ಮಾಡುತ್ತಿತ್ತು. ಆ ಸೀರೆ ಹಸಿರೆಂದು ನಾನು, ನೀಲಿಯೆಂದು ನನ್ನ ಅಕ್ಕ. ಏಳನೇ ಕ್ಲಾಸಿನ ನನ್ನ ಡೈರಿ ತೆಗೆದು ನೋಡಿದೆ. "ಇವತ್ತು ದೊಡ್ಡ ಜಗಳ. ಬಸ್ಸಾರು ಚೆನ್ನಾಗಿತ್ತು" ಎಂದಷ್ಟೇ ಇದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಜಗಳಕ್ಕೂ ಬಸ್ಸಾರಿಗೂ ಮಾತ್ರ ಆಧಾರವಿದೆ. ಉಳಿದದ್ದನ್ನು ನೀವು ನನ್ನನ್ನು ನಂಬಿ ಓದಬೇಕು. ನಾನು ಪೂರ್ತಿ ನಂಬುವುದಿಲ್ಲ.

ನಿಮ್ಮ ಬಾಲ್ಯದಲ್ಲೂ ಅಂಥ ಮನೆಯೊಂದಿದ್ದಿರಬಹುದು. ನಡುವೆ ಅಂಗಳ, ಅಂಗಳಕ್ಕೊಂದೇ ನಲ್ಲಿ, ಆಚೆಗೊಂದು ಈಚೆಗೊಂದು ಅಡುಗೆಮನೆ. ಒಂದರಲ್ಲಿ ನಮ್ಮ ಅಜ್ಜಿ, ಇನ್ನೊಂದರಲ್ಲಿ ಅಜ್ಜಿಯ ಓರಗಿತ್ತಿಯಾದ ಚಿಕ್ಕಜ್ಜಿ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ನಮ್ಮ ಅತ್ತೆಯ ಮದುವೆಯಲ್ಲಿ ಚಿಕ್ಕಜ್ಜಿಯ ಅಣ್ಣನನ್ನು ಮೂರನೇ ಪಂಕ್ತಿಗೆ ಕೂರಿಸಿದರಂತೆ, ಆ ಹೊತ್ತಿಗೆ ಒಬ್ಬಟ್ಟು ಮುಗಿದಿತ್ತಂತೆ, ಚಿಕ್ಕಜ್ಜಿ ಉಣ್ಣದೆ ಎದ್ದು ಹೋದಳಂತೆ. ಅವಮಾನ ಯಾರಿಗಾಯಿತು ಎನ್ನುವುದು ತೀರ್ಮಾನವಾಗಿರಲಿಲ್ಲ. ಚಿಕ್ಕಜ್ಜಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಸೊಪ್ಪು ಬಿಡಿಸುತ್ತ ಅಜ್ಜಿ ನನಗೆ ಹೇಳುತ್ತಿದ್ದಳು: "ನೀರು ನಿಂತೋಯ್ತದೆ, ಬಿಂದಿಗೆ ಇಡು ಅಂತ ಹೇಳು ಅವ್ಳಿಗೆ." ಚಿಕ್ಕಜ್ಜಿ ಅದು ಕಿವಿಗೆ ಬಿದ್ದರೂ ಅಲುಗಾಡುತ್ತಿರಲಿಲ್ಲ. ನಾನು ತಿರುಗಿ ಅದನ್ನೇ ಹೇಳಿದ ಮೇಲೆ, ಈಗಷ್ಟೇ ಸುದ್ದಿ ತಿಳಿದವಳಂತೆ, "ಹೌದಾ? ಇಡ್ತೀನಂತೆ ಅಂತ ಹೇಳು" ಎನ್ನುತ್ತಿದ್ದಳು.

ಮಿಸ್ ವಿಶ್ವವಿದ್ಯಾಲಯದಲ್ಲಿ ಶಾಂತಿಯ ಬಗ್ಗೆ ಪಾಠ ಮಾಡುತ್ತಿದ್ದರು. ಶಾಂತಿಗೂ ಪರೀಕ್ಷೆ ಇದೆ, ಅದರಲ್ಲಿ ಫೇಲಾಗುವವರೂ ಇದ್ದಾರೆ ಎನ್ನುವುದನ್ನು ಅಜ್ಜಿ ಕೊನೆಯವರೆಗೂ ನಂಬಲಿಲ್ಲ. ಒಂದು ಸಂಜೆ ಮಿಸ್ ಮೇಣದಬತ್ತಿ ಹಿಡಿದು ಪುರಭವನದ ಮೆಟ್ಟಿಲ ಮೇಲೆ ನಿಂತು ಬಂದರು.

"ಯುದ್ಧ ಬೇಡ ಅಂತ ನಿಂತಿದ್ವಿ ಅಜ್ಜಿ."

"ಎಲ್ಲಿ ಯುದ್ಧ?"

"ದೂರ ದೇಶದಲ್ಲಿ."

"ಅವ್ರಿಗೆ ಕಾಣ್ಸುತ್ತಾ ಇಲ್ಲಿಂದ, ಸಿಸ್ಟರಮ್ಮ?"

"ನಾನು ಸಿಸ್ಟರ್ ಅಲ್ಲ ಅಜ್ಜಿ, ಬಿಟ್ಟಿದೀನಿ."

"ಇರ್ಲಿ ಬಿಡಿ ಸಿಸ್ಟರಮ್ಮ, ನಮಗೇನು ತೊಂದ್ರೆ ಇಲ್ಲ."

ತೊಂದರೆ ಇದ್ದದ್ದು ಮಿಸ್ ಅವರ ತಾಯಿಗೆ. ಕನಕಪುರದ ಆಚೆಯ ಹಳ್ಳಿಯಲ್ಲಿದ್ದ ಆಕೆ, ಮಗಳು ಕಾನ್ವೆಂಟು ಬಿಟ್ಟ ದಿನದಿಂದ ಅವಳೊಂದಿಗೆ ಮಾತು ಬಿಟ್ಟಿದ್ದರು. ಕನ್ಯಾಸ್ತ್ರೀಯ ತಾಯಿಯೆಂದು ಚರ್ಚಿನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಈಗ ಹಿಂದೆ, ಚಪ್ಪಲಿಗಳ ಹತ್ತಿರ ಕೂರುತ್ತಿದ್ದರಂತೆ. ಮಿಸ್ ತಿಂಗಳಿಗೊಂದು ಭಾನುವಾರ ಮಾರ್ಕೆಟ್ಟಿನಿಂದ ಬಸ್ಸು ಹಿಡಿದು ಹೋಗುವರು. ತಾಯಿ ತಟ್ಟೆ ಇಟ್ಟು ಬಡಿಸುವರು, ತುಟಿ ಬಿಚ್ಚರು. ಮಿಸ್ ಮೆಲುದನಿಯಲ್ಲಿ ಕ್ಷಮೆ ಕೇಳಿ ಸಂಜೆ ಬಸ್ಸಿಗೆ ವಾಪಸು. ಅಂಥ ದಿನ ಅವರ ಸೀರೆಯೂ ಸದ್ದು ಮಾಡುತ್ತಿರಲಿಲ್ಲ ಎಂದು ಬರೆಯಲು ಕೈ ಮುಂದಾಗುತ್ತದೆ. ಸುಳ್ಳು, ಮಾಡುತ್ತಿತ್ತು.

ತಾಯಿಯ ಬಾಯಿ ಬಿಡಿಸಲಾಗದೆ ಮಿಸ್ ನಮ್ಮ ಅಜ್ಜಿಯರ ಜಗಳಕ್ಕೆ ಕೈ ಹಾಕಿದರು. ಅವರ ಪಾಠದಲ್ಲಿ ಒಂದು ವಿಧಾನವಿತ್ತು. ಜಗಳವಾಡಿದವರು ತಮ್ಮ ದೂರು ಹೇಳಬಾರದು. ಎದುರಿನವರ ದೂರನ್ನು, ತಾವೇ ಅವರಾಗಿ ಹೇಳಬೇಕು, ಅವರು "ಹೌದು, ಇದೇ ನನ್ನ ನೋವು" ಎಂದು ಒಪ್ಪುವವರೆಗೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಚಾಪೆ ಹಾಸಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ಅಜ್ಜಿ ಒಂಬತ್ತು ವರ್ಷದಿಂದ ನಮ್ಮೆದುರು ಚಿಕ್ಕಜ್ಜಿಯ ಅಣಕ ಮಾಡಿ ಮಾಡಿ ಪಳಗಿದ್ದಾಳೆಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ಸೆರಗನ್ನು ಚಿಕ್ಕಜ್ಜಿಯಂತೆಯೇ ಸೊಂಟಕ್ಕೆ ಸಿಕ್ಕಿಸಿ, ಮೂಗಿನಲ್ಲಿ ಶುರುಮಾಡಿದಳು. "ಅಯ್ಯೋ, ನಮ್ಮಣ್ಣ ಅಮಾವಾಸ್ಯೆಯಿಂದ ಉಪವಾಸ ಇದ್ದು ಬಂದಿದ್ದ, ಒಬ್ಬಟ್ಟಿಗೋಸ್ಕರ. ಒಂದೇ ಒಂದು ತಿಂದಿದ್ರೆ ಮೋಕ್ಷ ಸಿಕ್ತಿತ್ತು." ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

"ಒಂದಲ್ಲ, ಎರಡು ಕೇಳಿದ್ದ," ಎಂದಳು ಚಿಕ್ಕಜ್ಜಿ. ನನಗಲ್ಲ. ನೇರ ಅಜ್ಜಿಗೆ.

"ಯಾರನ್ನ ಕೇಳಿದ?"

"ನಿನ್ ಗಂಡನ್ನೇ."

"ಅವ್ರು ಚಪ್ಪರದ ಹಿಂದೆ ನಿದ್ದೆ ಹೊಡೀತಿದ್ರು."

"ಎಬ್ಬಿಸಿ ಕೇಳ್ದ ಕಣೇ."

ಅಲ್ಲಿಂದ ಒಂಬತ್ತು ವರ್ಷದ್ದೆಲ್ಲ ಹೊರಬಿತ್ತು. ಒಳಕಲ್ಲು, ಹಾಲು ಕುಡಿದ ಬೆಕ್ಕು, ತೀರಿಹೋದ ಮಾವನ ಕಂಬಳಿ. ಎದುರುಮನೆಯ ಟೈಲರು ಮಷೀನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತ. "ದಯವಿಟ್ಟು ಒಬ್ಬೊಬ್ಬರೇ" ಎಂದು ಮಿಸ್ ಎರಡು ಸಲ ಹೇಳಿ, ಮೆಟ್ಟಿಲ ಮೇಲೆ ಕುಸಿದು ಕೂತರು. "ಎಲ್ಲ ಕೆಡಿಸಿಬಿಟ್ಟೆ" ಎಂದರು. ಅವರ ಕಣ್ಣು ತುಂಬಿತ್ತು. "ಮಿಸ್, ಅವ್ರು ಮಾತಾಡ್ತಿದಾರೆ," ಎಂದೆ ನಾನು. ತಾನೇ ಹೇಳಿದ್ದೆಂದು ಅಕ್ಕನ ವಾದ. ಯಾರೋ ಒಬ್ಬರು ಹೇಳಿದೆವು, ಏಕೆಂದರೆ ಮಿಸ್ ತಲೆಯೆತ್ತಿ ಆ ಇಬ್ಬರನ್ನು ಬಹಳ ಹೊತ್ತು ನೋಡಿದ್ದು ನನ್ನ ಕಣ್ಣಿನಲ್ಲಿದೆ. ಸಂಜೆ ಚಿಕ್ಕಜ್ಜಿ ತಾನೇ ಅಂಗಳ ದಾಟಿ ಬಸ್ಸಾರು ತಂದಳು. ಅಜ್ಜಿ ನೆಕ್ಕಿ ನೋಡಿ, "ಉಪ್ಪು ಜಾಸ್ತಿ," ಎಂದು ಅವಳ ಮುಖಕ್ಕೇ ಹೇಳಿದಳು.

ಆಮೇಲೆ ಮಿಸ್ ಕಡೆಗೆ ತಿರುಗಿದಳು. "ಸಿಸ್ಟರಮ್ಮ, ಊರಿಗೆ ಹೋಗಿ ಏನ್ ಮಾಡ್ತೀರಿ ನೀವು?"

"ಕ್ಷಮೆ ಕೇಳ್ತೀನಿ."

"ಹೋದ ತಕ್ಷಣ? ಬೈಯೋಕ್ ಮುಂಚೇನೇ ಕ್ಷಮಿಸ್ಬಿಡಿ ಅಂದ್ರೆ ಆ ಯಮ್ಮ ಬೈಯೋದ್ಯಾವಾಗ? ಹೊಟ್ಟೇಲಿ ಇಟ್ಕೊಂಡು ಎಷ್ಟು ಒದ್ದಾಡ್ತಿದಾರೋ. ನೀವು ಬಿಟ್ಟಿದ್ದು ನಿಮಗೆ ಸರಿ ಅನ್ಸುತ್ತಾ ಇಲ್ವಾ?"

"ಸರಿ ಅನ್ಸುತ್ತೆ."

"ಮತ್ತೆ ಅದನ್ನ ಹೇಳಿ. ಗಟ್ಟಿಯಾಗಿ."

ಮುಂದಿನ ಭಾನುವಾರ ಹೋದವರು ಆ ಸಂಜೆ ಬರಲಿಲ್ಲ. ಅಜ್ಜಿ ಒಳಗೂ ಹೊರಗೂ ಓಡಾಡಿದಳು. ಸೋಮವಾರ ಬೆಳಿಗ್ಗೆ ಮಿಸ್ ಬಂದಾಗ ಅವರ ಗಂಟಲು ಕಟ್ಟಿತ್ತು, ಕಣ್ಣು ಊದಿತ್ತು, ಸೀರೆಯ ಗಂಜಿಯೆಲ್ಲ ಇಳಿದು ಮೊದಲ ಸಲ ಮೈಗೆ ಅಂಟಿಕೊಂಡಿತ್ತು. "ಮಧ್ಯಾಹ್ನದಿಂದ ಬೈದ್ರು ಅಜ್ಜಿ," ಎಂದರು. "ಕೊನೇ ಬಸ್ ಹೋಯ್ತು. ಆಮೇಲೂ ಬೈದ್ರು. ನಾನು ಆರನೇ ಕ್ಲಾಸಲ್ಲಿ ಕೊಡೆ ಕಳ್ಕೊಂಡಿದ್ದೂ ಬಂತು." ಹೇಳುತ್ತ ಹೇಳುತ್ತ ನಗಲು ಶುರುಮಾಡಿದವರಿಗೆ ನಿಲ್ಲಿಸಲಾಗಲಿಲ್ಲ. ಅಜ್ಜಿಯೂ ನಕ್ಕಳು, ಅಂಗಳದಾಚೆಯಿಂದ ಚಿಕ್ಕಜ್ಜಿಯೂ.

ಆ ಅಂಗಳವಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿವೆ. ಅಜ್ಜಿ ಹೋದ ಮೂರೇ ತಿಂಗಳಿಗೆ ಚಿಕ್ಕಜ್ಜಿಯೂ ಹೋದಳು. ಮಿಸ್ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ, ಕೇಳಿ ತಿಳಿದುಕೊಳ್ಳಬಹುದಾಗಿದ್ದ ಕಾಲದಲ್ಲಿ ನಾನು ಕೇಳಲಿಲ್ಲ. ಅವರನ್ನು ನೆನೆದಾಗಲೆಲ್ಲ ನಗು ಬರುತ್ತದೆ, ನಗು ಮುಗಿಯುವ ಮೊದಲೇ ಆ ಹಳ್ಳಿಯ ಚರ್ಚು ಕಣ್ಣಿಗೆ ಬರುತ್ತದೆ. ಆ ಭಾನುವಾರದ ಎರಡು ವರ್ಷದ ನಂತರ ಮಿಸ್ ತಾಯಿ ತೀರಿಕೊಂಡರು. ಅಜ್ಜಿ ನನ್ನನ್ನೂ ಕರೆದುಕೊಂಡು ಮಣ್ಣಿಗೆ ಹೋದಳು. ಮುಂದಿನ ಸಾಲಿನಲ್ಲಿ ಮಿಸ್ ಒಬ್ಬರೇ ಕೂತಿದ್ದರು. ಅಜ್ಜಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

"ಎರಡೇ ವರ್ಷ ಬೈದ್ರು ಅಜ್ಜಿ," ಎಂದರು ಮಿಸ್. "ಇನ್ನೂ ತುಂಬಾ ಇತ್ತು ಅವರ ಹತ್ರ."