ಖಾಲಿ ಚಮಚದ ದೊಡ್ಡತ್ತೆ

ಮೊನ್ನೆ ಜೆ.ಪಿ. ನಗರದಲ್ಲಿರುವ ಮಗಳ ಮನೆಗೆ ಹೋದಾಗ ಬಾಗಿಲಲ್ಲೇ ಮೊಳಕೆ ರಾಗಿ ಹುರಿಯುವ ವಾಸನೆ ಬಂತು. ಮೊಮ್ಮಗನಿಗೆ ರಾಗಿ ಸರಿ ಶುರು ಮಾಡುವ ತಯಾರಿ. ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಒಳಗೆ ದೊಡ್ಡತ್ತೆ ಇದ್ದಾರೇನೋ ಅನ್ನಿಸಿತು...

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ತೊಂಬತ್ತರ ದಶಕದಲ್ಲಿ ನಾನು ಹನುಮಂತನಗರದ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡಿದ್ದರು, ಯಜಮಾನಿಕೆಯೆಲ್ಲ ಅತ್ತೆಯದು. ದೊಡ್ಡತ್ತೆ ಹಿಂದಿನ ಕೋಣೆಯಲ್ಲಿ ತಮ್ಮ ಪಾಡಿಗೆ ತಾವಿರುತ್ತಿದ್ದರು. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. ನಾಲ್ಕು ತಿಂಗಳಾದರೂ ಕತ್ತು ಸರಿಯಾಗಿ ನಿಂತಿರಲಿಲ್ಲ. ಮಧ್ಯಾಹ್ನ ನಾನು ಸ್ವಲ್ಪ ಅಡ್ಡಾದರೆ ಸಾಕು, ದೊಡ್ಡತ್ತೆ ಮಗುವನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋಗುತ್ತಿದ್ದರು. ಒಂದು ದಿನ ಸದ್ದಿಲ್ಲದೆ ಹಿಂದೆ ಹೋಗಿ ನೋಡಿದೆ. ಪಕ್ಕದಲ್ಲಿ ರಾಗಿ ಗಂಜಿಯ ಲೋಟ. ತೊಡೆಯ ಮೇಲೆ ಮಗು. ಅದರ ತುಟಿಗೆ ಬೆಳ್ಳಿ ಚಮಚ! ಮಗುವನ್ನು ಕಿತ್ತುಕೊಂಡೆ.

"ಏನ್ ಕೊಟ್ರಿ ದೊಡ್ಡತ್ತೆ?"

"ಏನೂ ಇಲ್ಲಮ್ಮ, ಬರೀ ಚಮಚ. ಗಂಜಿ ನಂದು. ಇನ್ನೂ ನಾಲಿಗೇಲಿ ಆಚೆ ತಳ್ತಾಳೆ."

ನಂಬಲಿಲ್ಲ. ಅಂದಿನಿಂದ ದಿನಾ ಮಗುವಿನ ಬಾಯಿ ಮೂಸಿ ನೋಡುತ್ತಿದ್ದೆ, ಅಂಗಿಯ ಕತ್ತಿನ ಪಟ್ಟಿಯಲ್ಲಿ ಗಂಜಿಯ ಕಲೆ ಹುಡುಕುತ್ತಿದ್ದೆ. ಹಾಲಿನ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಸಿಗದಿದ್ದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಅನ್ನಪ್ರಾಶನದ ಮಾತು ಬಂತು. ನಮ್ಮಲ್ಲಿ ಹೆಣ್ಣುಮಗುವಿಗೆ ಬೆಸ ತಿಂಗಳು. ಐದರಲ್ಲಿ, ಇಲ್ಲವೆಂದರೆ ಏಳರಲ್ಲಿ. ಪುರೋಹಿತರು ಐದರಲ್ಲೇ ಮುಹೂರ್ತ ಇಟ್ಟುಕೊಟ್ಟರು. ಮಗು ಬೇಗ ಹುಟ್ಟಿದ್ದರಿಂದ ಕಾಯಬೇಕು ಎಂದಿದ್ದ ಡಾಕ್ಟರ ಮಾತನ್ನು ಹೆದರುತ್ತಲೇ ಹೇಳಿದೆ. "ನಿನ್ ಡಾಕ್ಟ್ರಿಗೆ ಪಂಚಾಂಗ ನೋಡಕ್ ಬರತ್ತಾ?" ಎಂದರು ಅತ್ತೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಪಾಯಸ ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ.

ಮುಹೂರ್ತ ಇನ್ನೇನು ಬಂತು ಎನ್ನುವಾಗ, ನಾನೂ ಅತ್ತೆಯೂ ಗಾಂಧಿಬಜಾರಿನಿಂದ ಹೂವು ಹಣ್ಣು ತಂದು ಒಳಗೆ ಕಾಲಿಟ್ಟರೆ, ದೊಡ್ಡತ್ತೆ ಫೋನಿನ ಪಕ್ಕ ಕೂತಿದ್ದರು.

"ಯಾವ್ದನ್ನೂ ಮುಟ್ಬೇಡಿ. ದಾವಣಗೆರೆಯಿಂದ ಫೋನ್ ಬಂದಿತ್ತು. ನಮ್ ದೊಡ್ಡಪ್ಪನ ಮಗ ಹೋಗ್ಬಿಟ್ನಂತೆ."

ಮಾವನವರ ದಾಯಾದಿ. ಆಸ್ತಿ ಜಗಳವಾಗಿ ಎರಡು ಮನೆಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಮಾತು ಬಿಟ್ಟರೂ ಸೂತಕ ಬಿಡುವುದಿಲ್ಲವಲ್ಲ. ತಿರುಗಿ ಫೋನ್ ಮಾಡಿ ವಿಚಾರಿಸಲು ಅತ್ತೆಗೆ ಅಭಿಮಾನ ಅಡ್ಡ ಬಂತು. ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು. ಹತ್ತು ದಿನ ದೇವರ ದೀಪವಿಲ್ಲ. ಮುಹೂರ್ತ ಕೈಬಿಟ್ಟು ಹೋಯಿತು. ದೊಡ್ಡತ್ತೆಯ ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿರಲಿಲ್ಲ. ಊಟಕ್ಕೆ ಕೂತು ಮತ್ತೆ ಸಾರು ಹಾಕಿಸಿಕೊಂಡರು. ಇದೇಕೋ ಸರಿಯಿಲ್ಲ ಅನ್ನಿಸಿತು. ಆದರೆ ಕೇಳಲು ನನಗೇನು ಹುಚ್ಚೇ?

ಏಳನೇ ತಿಂಗಳಲ್ಲಿ ಮಗಳು ದಿಂಬಿಗೊರಗಿ ಕೂರತೊಡಗಿದಳು. ಯಾರು ತಟ್ಟೆ ಹಿಡಿದರೂ ಮುಂದಕ್ಕೆ ಬಾಗಿ ಬಾಯಿ ತೆರೆಯುವಳು. ದೊಡ್ಡತ್ತೆ ನನ್ನನ್ನು ಕರೆದು ಖಾಲಿ ಚಮಚ ಅವಳ ತುಟಿಗಿಟ್ಟರು. ಗಬಕ್ಕನೆ ಬಾಯಿ ಮುಚ್ಚಿಕೊಂಡು ಚೀಪಿದಳು.

"ಈಗ ಮಾಡ್ಸಿ ಅನ್ನಪ್ರಾಶನ," ಎಂದು ಎದ್ದು ಹೋದರು.

ಎರಡು ವರ್ಷದ ನಂತರ ಜಯನಗರದ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನಮ್ಮೆದುರಿಗೇ ಸತ್ತಿದ್ದ ಆ ದಾವಣಗೆರೆಯ ದಾಯಾದಿ ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಕೇಳುತ್ತ ಕೂತಿದ್ದರು! ಅತ್ತೆಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಿಧಾನವಾಗಿ ದೊಡ್ಡತ್ತೆಯ ಕಡೆ ತಿರುಗಿದರು.

"ಸತ್ತ ಅಂತ ಸುದ್ದಿಯಾದ್ರೆ ಆಯಸ್ಸು ಹೆಚ್ಚತ್ತಂತೆ," ಎಂದರು ದೊಡ್ಡತ್ತೆ ಕೋಸಂಬರಿ ಕಲಸುತ್ತಾ. "ಬಿಡು, ಅವನಿಗೂ ಒಳ್ಳೇದೇ ಆಯ್ತು."

ಆಮೇಲೆ ಕೆಲವು ವರ್ಷಕ್ಕೆ ಅವರು ಮೈಸೂರಿಗೆ ತಂಗಿಯ ಮನೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಫೋನ್ ಬಂತು. ದೊಡ್ಡತ್ತೆ ಹೋದರಂತೆ. ನಾನು ಅಳಲಿಲ್ಲ. "ಯಾರು ನೋಡಿದ್ದು? ಫೋನ್ ಅವರ ಕೈಗೇ ಕೊಡಿ," ಎಂದೆ. ಈಗ ಯಾರ ಮನೆಯ ಮುಹೂರ್ತ ತಪ್ಪಿಸುತ್ತಿದ್ದಾರೋ ಎಂದೇ ಬಸ್ಸಿನುದ್ದಕ್ಕೂ ಯೋಚಿಸಿದೆ. ಅಲ್ಲಿ ಹೋಗಿ ಅವರ ಮುಖ ನೋಡಿದ ಮೇಲೆ... ನಂಬದೆ ಬೇರೆ ದಾರಿ ಇರಲಿಲ್ಲ.

ಮೊನ್ನೆ ಮಗಳು ಹಿಟ್ಟು ಜರಡಿ ಹಿಡಿಯುವಾಗ ಅದೇ ಬೆಳ್ಳಿ ಚಮಚವನ್ನು ಖಾಲಿಯಾಗಿ ಮೊಮ್ಮಗನ ತುಟಿಗಿಟ್ಟೆ. ನಾಲಿಗೆಯಿಂದ ಆಚೆಗೆ ತಳ್ಳಿದ. ಅವಳ ಅತ್ತೆಯವರು ಭಾನುವಾರಕ್ಕೇ ಅನ್ನಪ್ರಾಶನ ಇಟ್ಟುಕೊಂಡಿದ್ದಾರೆ. ಮೇಜಿನ ಮೇಲಿದ್ದ ಫೋನಿನ ಕಡೆ ಕಣ್ಣು ಹೋಯಿತು. ಈಗ ಯಾರನ್ನು ಸಾಯಿಸುವುದು? ಎಲ್ಲರೂ ವಾಟ್ಸಾಪ್ ಗ್ರೂಪಿನಲ್ಲೇ ಇದ್ದಾರೆ, ಬೆಳಗಾದರೆ ಗುಡ್ ಮಾರ್ನಿಂಗ್ ಹಾಕುತ್ತಾರೆ. ದೊಡ್ಡತ್ತೆ ಒಬ್ಬರೇ ಇಲ್ಲ.